ನಿದ್ದೆಗೆ ಕನಸು ಹಾಕಿದ್ದು

ನನ್ನ ಮೊಮ್ಮಗಳು ಕಂಪ್ಯೂಟರಿನಲ್ಲಿ ಆಟ ಕಟ್ಟುತ್ತಾಳೆ. ಆಡುವುದಲ್ಲ, ಕಟ್ಟುವುದು. ಈ ವ್ಯತ್ಯಾಸವನ್ನು ನಮ್ಮೂರು ದೇವಲಾಪುರದವರಿಗೆ ಹೇಳಿ ಹೇಳಿ ನನ್ನ ಸೊಸೆಗೆ ಸಾಕಾಗಿದೆ. ಹಾಲಿನ ಡೈರಿಯ ಹತ್ತಿರ ಯಾರಾದರೂ, "ನಿಮ್ಮುಡ್ಗಿ ದಿನೆಲ್ಲ ಗೇಮ್ ಆಡ್ಕಂಡ್ ಕೂತಿರ್ತಾಳಂತಲ್ಲ" ಎಂದರೆ, "ಊಂ ಕಣಕ್ಕ, ನೀವು ದಿನೆಲ್ಲ ಟೀವಿ ನೋಡಲ್ವಾ, ಅಂಗೇಯ" ಎಂದು ಕ್ಯಾನು ಎತ್ತಿಕೊಂಡು ಬಂದುಬಿಡುತ್ತಾಳೆ.

ಇದನ್ನೆಲ್ಲ ಬರೆ ಎಂದವಳೂ ಆ ಮೊಮ್ಮಗಳೇ. ನನ್ನನ್ನು ಮೂರನೇ ಕ್ಲಾಸಿಗೆ ಬಿಡಿಸಿದರು. ನನ್ನ ಅಕ್ಷರ ಅಷ್ಟಕ್ಕಷ್ಟೆ. ಒತ್ತು ದೀರ್ಘ ಅವಳು ತಿದ್ದಿದ್ದಾಳೆ. ಹೇಳಿದ್ದನ್ನು ತಿದ್ದುವುದಕ್ಕೆ ನಾನು ಬಿಟ್ಟಿಲ್ಲ.

ಅವಳು ನನ್ನ ಮಗನ ಮಗಳು. ಓದು ಮುಗಿಸಿ ಮನೆಯ ಮಹಡಿ ಕೋಣೆಯಲ್ಲೇ ಕೆಲಸ ಇಟ್ಟುಕೊಂಡಿದ್ದಾಳೆ. ಕೆ.ಆರ್. ಪೇಟೆಯ ಗೆಳತಿ ಒಬ್ಬಳು ಅವಳ ಜೊತೆಗಾತಿ. ಇವಳು ಚಿತ್ರ ಬರೆಯುತ್ತಾಳೆ, ಅವಳು ಚಿತ್ರ ಅಲ್ಲಾಡುವುದಕ್ಕೆ ಬೇಕಾದ ಲೆಕ್ಕ ಬರೆಯುತ್ತಾಳೆ. ವಾರದಲ್ಲಿ ಒಂದು ದಿನ ಆ ಹುಡುಗಿ ಬಸ್ಸಿನಲ್ಲಿ ಬಂದು, ಇಬ್ಬರೂ ಬಾಗಿಲು ಹಾಕಿಕೊಂಡು ಕಿತ್ತಾಡಿ, ಸಂಜೆಗೆ ನಗುತ್ತಾ ಇಳಿದು ಬರುತ್ತಾರೆ.

ಆಟ ಏನೆಂದರೆ, ಒಬ್ಬ ಹೆಂಗಸು ಯಾರೂ ಇಲ್ಲದ ಒಣ ಬಯಲಿನಲ್ಲಿ ಎಚ್ಚರವಾಗುತ್ತಾಳೆ. ನಮ್ಮ ಕಡೆಯದೇ ಬಂಡೆ, ನಮ್ಮ ಕಡೆಯದೇ ತಂಗಡಿ ಗಿಡ. ನೀರು ಹುಡುಕಬೇಕು, ಸೌದೆ ಆಯಬೇಕು, ಏನಾದರೂ ಬೇಯಿಸಿ ತಿನ್ನಬೇಕು. ಪರದೆಯ ಮೇಲುಗಡೆ ಹೊಟ್ಟೆಗೊಂದು ಬಣ್ಣದ ಕಡ್ಡಿ, ದಾಹಕ್ಕೊಂದು ಕಡ್ಡಿ, ನಿದ್ದೆಗೊಂದು ಕಡ್ಡಿ. ಕಡ್ಡಿ ಸವೆದುಹೋದರೆ ಆ ಹೆಂಗಸು ಸಾಯುತ್ತಾಳೆ.

"ಗೆಲ್ಲದ್ ಯಾವಾಗಮ್ಮಿ?" ಎಂದು ಕೇಳಿದೆ.

"ಗೆಲ್ಲೋದಿಲ್ಲ ಅಜ್ಜಿ. ಸಾಯ್ದಂಗೆ ಇರೋದು, ಅಷ್ಟೇ ಆಟ."

"ಇದ್ನ ಕಾಸ್ ಕೊಟ್ಟು ಆಡ್ತಾರಾ? ನಾವು ಪುಕ್ಸಟ್ಟೆ ಆಡ್ಕಂಡ್ ಬಂದೋ."

ಆಟ ಶುರುವಾಗುವಾಗ ಆ ಹೆಂಗಸಿಗೆ ಒಂದು ಹೆಸರು ಬರೆಯಬೇಕು. ನಾನು ಕೂತು ನನ್ನದೇ ಹೆಸರು ಒತ್ತಿದೆ. ಒಂದೊಂದು ಅಕ್ಷರ ಹುಡುಕುವಷ್ಟರಲ್ಲಿ ಅವಳು ಕಾಫಿ ಕುಡಿದು ಲೋಟ ತೊಳೆದಿಟ್ಟು ಬಂದಳು.

ಎಲ್ಲ ಸರಿಯಾಗಿತ್ತು, ನಿದ್ದೆಯೊಂದು ಬಿಟ್ಟು. ಆ ಹೆಂಗಸು ಗುಡಿಸಲಿನಲ್ಲಿ ಮಲಗಿದರೆ ಪರದೆ ಕಪ್ಪಾಗುತ್ತಿತ್ತು. ಕೋಳಿ ಕೂಗುತ್ತಿತ್ತು. ಬೆಳಗಾಗುತ್ತಿತ್ತು. ಆಡಿ ನೋಡಿದವರೆಲ್ಲ ನಿದ್ದೆ ಬೇಜಾರು ಎಂದರಂತೆ.

"ಅಜ್ಜಿ, ನಿದ್ದೆಗೆ ಕನಸು ಹಾಕ್ಬೇಕು ಅಂತಿದೀವಿ" ಎಂದಳು ಮೊಮ್ಮಗಳು.

"ಆಕಕೆ ಅದೇನು ವಗ್ಗರಣೆನಮ್ಮಿ? ಕನ್ಸು ಬೀಳ್ತದೆ."

ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ. ಮಳೆ ಬೀಳುತ್ತದೆ, ತೆಂಗಿನಕಾಯಿ ಬೀಳುತ್ತದೆ, ಕನಸು ಬೀಳುತ್ತದೆ. ಕಂಡೆ ಎಂದು ಪುಸ್ತಕದವರು ಹೇಳಿಕೊಳ್ಳಲಿ, ನಮ್ಮಲ್ಲಿ ಯಾರೂ ಕನಸು ಕಾಣುವುದಿಲ್ಲ. ಅದು ಬೀಳುತ್ತದೆ, ನಾವು ಕೆಳಗಿರುತ್ತೇವೆ. ಬೇಕೆಂದಾಗ ಬೀಳುವುದಿಲ್ಲ, ಬೇಡವೆಂದರೆ ನಿಲ್ಲುವುದೂ ಇಲ್ಲ. ಇದನ್ನು ಅವಳಿಗೆ ಹೇಳಿದೆ. "ಮಲಗ್ದಾಗೆಲ್ಲ ಬಿದ್ರೆ ಅದು ಕನ್ಸಲ್ಲ, ಸಿನ್ಮಾ" ಎಂದೆ. ಅವಳು ಫೋನಿನಲ್ಲಿ ಗೆಳತಿಗೆ ಆ ಮಾತನ್ನೇ ಹೇಳಿದಳು.

ಅವಳು ಮೊದಲು ಬರೆದ ಕನಸಿನಲ್ಲಿ ನೀಲಿ ಮಂಜಿತ್ತು. ಕೊಂಬಿನಲ್ಲಿ ದೀಪ ಉರಿಯುವ ಜಿಂಕೆಯೊಂದು ತೇಲಿಕೊಂಡು ಬರುತ್ತಿತ್ತು. ಹಿಂದೆ ಕೊಳಲು.

"ಯಾವ ಮದ್ವೆ ಮನೆ ಸ್ಟೇಜಮ್ಮಿ ಇದು?" ಎಂದೆ.

ಅವಳಿಗೆ ಕೋಪ ಬಂತು. "ಹಂಗಾರೆ ನೀನೇ ಹೇಳು. ನಿಂಗೆ ಏನ್ ಬೀಳುತ್ತೆ ಕನಸು?"

ಹೇಳಿದೆ. ನಾನು ಹುಟ್ಟಿದ್ದು ಪಾಂಡವಪುರದ ಕಡೆ, ನಾಲೆ ಬಯಲಿನ ಊರು. ಮನೆ ಹಿಂದೆ ನೀರು, ಮನೆ ಮುಂದೆ ನೀರು. ನೀರು ಹೊರುವುದು ಒಂದು ಕೆಲಸವೆಂದೇ ನಮಗೆ ಗೊತ್ತಿರಲಿಲ್ಲ. ಮದುವೆ ಮಾಡಿ ಈ ಒಣ ಸೀಮೆಗೆ ಕೊಟ್ಟರು. ಇಲ್ಲಿ ಬಂದ ಮೇಲೆ ಬಾವಿಯಿಂದ ಹೊತ್ತು ಹೊತ್ತು ನನ್ನ ನೆತ್ತಿ ತಟ್ಟೆಯಾಯಿತು. ಆಗ ಬೀಳುತ್ತಿದ್ದದ್ದು ಒಂದೇ ಕನಸು. ನಾಲೆ ಮೆಟ್ಟಿಲ ಮೇಲೆ ನಿಂತು ಕೊಡ ಮುಳುಗಿಸುತ್ತೇನೆ. ಕೊಡ ಗುಳುಗುಳು ಎನ್ನುತ್ತದೆ. ಕಂಠದವರೆಗೆ ಬರುವಷ್ಟರಲ್ಲಿ ಎಚ್ಚರ. ಒಂದು ಸಲವೂ ತುಂಬಿದ ಕೊಡ ಎತ್ತಿಕೊಂಡವಳಲ್ಲ.

"ಆಮೇಲೆ?"

"ಆಮ್ಯಾಕೆ ಮನೆಗೆ ನಲ್ಲಿ ಬಂತು. ಕನ್ಸು ನಿಂತೋಯ್ತು."

ಆ ವಾರ ಕೆ.ಆರ್. ಪೇಟೆ ಹುಡುಗಿ ಬಂದಾಗ ನನ್ನನ್ನೂ ಮಹಡಿಗೆ ಕರೆದರು. ಮಂಡಿ ಹಿಡಿದುಕೊಂಡು ಹತ್ತಿದೆ.

"ಅಜ್ಜಿ, ಅಂಗಾರೆ ಒಟ್ಟೆ ಕಡ್ಡಿ ಅರ್ಧಕ್ಕಿಂತ ಕಮ್ಮಿ ಇದ್ರೆ ಊಟದ್ ಕನಸು. ದಾಹದ್ ಕಡ್ಡಿ ಕಮ್ಮಿ ಇದ್ರೆ ನಾಲೆ" ಎಂದಳು ಆ ಹುಡುಗಿ. "ಎಲ್ಲಾ ಕಡ್ಡಿ ತುಂಬಿದ್ರೆ?"

"ತುಂಬಿದ್ರೆ ಗೊರ್ಕೆ."

"ಸರಿ. ಊಟ ತಿನ್ನೋಕ್ ಬಿಡೋದಾ?"

"ತುತ್ತು ಬಾಯ್ತಕೆ ಬರ್ಬೇಕು, ಒಳಕ್ ಓಗ್ಬಾರ್ದು."

ಆ ಹುಡುಗಿ ಟಕಟಕ ಒತ್ತಿಕೊಂಡಳು. ನನಗೆ ಹುರುಪು ಬಂದು, ಉಚ್ಚೆ ಬಂದಾಗ ಬೀಳುವ ಕನಸನ್ನೂ ಹೇಳಿದೆ. ಎಲ್ಲಿ ಹೋದರೂ ಬಾಗಿಲಿಲ್ಲದ ಪಾಯಿಖಾನೆ, ಹೊರಗೆ ಊರಿನವರೆಲ್ಲ ನಿಂತಿರುತ್ತಾರೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಅದನ್ನು ಮಾತ್ರ ಹಾಕಲಿಲ್ಲ. ಎಲ್ಲರಿಗೂ ಬೀಳುವ ಕನಸು ಅದೊಂದೇ, ಅದನ್ನೇ ಬಿಟ್ಟರು.

ನಗು ನಿಂತ ಮೇಲೆ ಮೊಮ್ಮಗಳು ಕೇಳಿದಳು, "ತಾತ ಬರ್ತಾನಾ ಅಜ್ಜಿ, ಕನಸಿಗೆ?"

"ಇಲ್ಲ" ಎಂದು ಎದ್ದು ಇಳಿದು ಬಂದೆ.

ಬಂದಿಲ್ಲ. ಸತ್ತ ಮೇಲೆ ನನ್ನ ಗಂಡ ಒಂದು ಸಲವೂ ನನ್ನ ಕನಸಿಗೆ ಬಂದಿಲ್ಲ. ಬೇರೆ ಎಲ್ಲರ ಹತ್ತಿರ ಹೋಗಿದ್ದಾನೆ. ಮಗನ ಕನಸಿಗೆ ಬಂದು ಟವೆಲ್ಲು ಕೇಳಿದ. ಮಗನು ಅವತ್ತೇ ನಾಗಮಂಗಲಕ್ಕೆ ಹೋಗಿ ಹೊಸ ಟವೆಲ್ಲು ತಂದು ಎಡೆ ಇಟ್ಟ. ಶ್ರೀರಂಗಪಟ್ಟಣಕ್ಕೆ ಕೊಟ್ಟ ಮಗಳ ಕನಸಿನಲ್ಲಿ ಅವಳ ಮನೆ ಬಾಗಿಲಲ್ಲಿ ನಿಂತು, ಈ ಟೈಲ್ಸು ಜಾರುತ್ತದೆ, ನಾನು ಒಳಗೆ ಬರುವುದಿಲ್ಲ ಎಂದನಂತೆ. ಬದುವಿನ ವಿಷಯಕ್ಕೆ ಅವನ ಜೊತೆ ಜೀವಮಾನವೆಲ್ಲ ಜಗಳ ಕಾದ ಪಕ್ಕದ ಹೊಲದವನ ಕನಸಿಗೂ ಹೋಗಿ ಎಲೆಗೆ ಸುಣ್ಣ ಕೇಳಿದ್ದಾನೆ. ಆ ಮನುಷ್ಯ ನನ್ನ ಜಗಲಿಗೆ ಬಂದು ಕೂತು, "ಚೆನ್ನಾಗವ್ನೆ ಕಣಕ್ಕ, ಮೈ ಕೈ ತುಂಬ್ಕಂಡವ್ನೆ" ಎಂದು ಹೇಳುತ್ತಾನೆ. ಮೊರ ಕೈಯಲ್ಲಿತ್ತು. ತಲೆಗೆ ಬೀಸುವುದೊಂದು ಬಾಕಿ.

ನನ್ನ ಗಂಡ ಒಳ್ಳೆಯವನು ಎಂದು ನಾನು ಬರೆಯುವುದಿಲ್ಲ. ಕೆಟ್ಟವನೂ ಅಲ್ಲ. ತೆಂಗಿನಕಾಯಿ ಸುಲಿಯುವ ಕೆಲಸ ಅವನದು, ಕಾಯಿ ಸುಲಿದ ಹಾಗೆಯೇ ಮಾತು. ನನ್ನನ್ನು ಹೆಸರು ಹಿಡಿದು ಕರೆದವನಲ್ಲ. ಇವಳೇ, ನೋಡಿಲ್ಲಿ, ಅಷ್ಟೇ. ನಾನು ಎದುರಿಗೇ ನಿಂತಿದ್ದರೂ ಮಗನಿಗೆ, "ನಿಮ್ಮವ್ವನ್ನ ಕೇಳ್ಲಾ, ಮುದ್ದೆ ಆಯ್ತಾ ಅಂತ" ಎನ್ನುವವನು. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹಾಗೇ. ನಾನೂ ಅವನ ಹೆಸರು ಹೇಳಿದವಳಲ್ಲ. ಆಸ್ಪತ್ರೆಯಲ್ಲಿ ಕೇಳಿದರೂ ಮಗನ ಕಡೆ ಕೈ ತೋರಿಸುತ್ತಿದ್ದೆ.

ಆದರೆ ನಿದ್ದೆಯಲ್ಲಿ ಅವನು ಮಾತಾಡುತ್ತಿದ್ದ. ಎದ್ದಿದ್ದಾಗ ಆಡದ ಮಾತೆಲ್ಲ ನಿದ್ದೆಯಲ್ಲಿ. ಕಾಯಿ ಮಂಡಿಯವನಿಗೆ ಬೈಯುವನು, ಇಲ್ಲದ ಮೇಕೆಯನ್ನು ಹೊಡೆದು ಓಡಿಸುವನು. ಅಪರೂಪಕ್ಕೆ ಒಮ್ಮೊಮ್ಮೆ ನನ್ನ ಹೆಸರು ಕೂಗುವನು. ಪೂರ್ತಿ ಹೆಸರು, ಬಾಯಿ ತುಂಬ, ದೂರದಲ್ಲಿ ಹೋಗುತ್ತಿರುವವಳನ್ನು ನಿಲ್ಲಿಸುವ ಹಾಗೆ. ನಾನು ಓ ಎಂದರೆ ಮತ್ತೆ ಗೊರಕೆ. ಮದುವೆಯಾದ ಹೊಸದರಲ್ಲಿ ಒಂದು ಬೆಳಗ್ಗೆ ಕೇಳಿಯೂ ಬಿಟ್ಟೆ, ನನ್ನನ್ನೇಕೆ ಕೂಗಿದೆ ಎಂದು. "ನಾನ್ಯಾಕ್ ನಿನ್ನೆಸ್ರು ಕೂಗನೆ? ತಲೆ ಕೆಟ್ಟದಾ?" ಎಂದು ಮಚ್ಚು ತೆಗೆದುಕೊಂಡು ಹೋದ. ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಎತ್ತಿದರೆ ನಿಲ್ಲಿಸಿಬಿಟ್ಟಾನು ಎಂಬ ಭಯ. ನನ್ನ ಅಪ್ಪ ಅವ್ವ ಸತ್ತ ಮೇಲೆ ಆ ಹೆಸರನ್ನು ಹಾಗೆ ಕೂಗುವವರು ಅವನ ನಿದ್ದೆ ಬಿಟ್ಟರೆ ಇನ್ನೊಬ್ಬರಿರಲಿಲ್ಲ. ನಾನು ಅವ್ವ, ಅತ್ತೆ, ಅಜ್ಜಿ. ಬ್ಯಾಂಕಿನಲ್ಲಿ ಕೂಗುತ್ತಾರೆ ನಿಜ. ಅದು ಕೂಗಿದ ಹಾಗಲ್ಲ, ಕೆಮ್ಮಿದ ಹಾಗೆ.

ಅವನು ಹೋದ ಮೇಲೆ ನನಗೆ ಬೇಕಾದದ್ದು ಅದೊಂದೇ. ಇನ್ನೊಂದು ಸಲ ಆ ಕೂಗು.

ನಮ್ಮಲ್ಲಿ ಸತ್ತವರು ಕನಸಿಗೆ ಬರುವುದು ಏನಾದರೂ ಕೇಳುವುದಕ್ಕೆ. ಕೇಳಿದ್ದನ್ನು ಎಡೆ ಇಟ್ಟರೆ ತೃಪ್ತಿಯಾಗಿ ಹೋಗುತ್ತಾರೆ. ನಾನು ವರ್ಷ ವರ್ಷವೂ ಪಿತೃಪಕ್ಷದಲ್ಲಿ ಅವನಿಗೆ ಒಂದೂ ಬಿಡದೆ ಇಡುತ್ತಿದ್ದೆ. ಬಾಡಿನ ಸಾರು, ಮುದ್ದೆ, ಕಜ್ಜಾಯ, ವಡೆ, ಎಲೆ ಅಡಿಕೆ, ಹೊಗೆಸೊಪ್ಪು. ಸೊಸೆ ನೆಂಟರ ಮುಂದೆಲ್ಲ ಹೇಳುತ್ತಾಳೆ, "ನಮ್ಮತ್ತೆ ಎಷ್ಟು ಚೆಂದಾಗಿ ಮಾಡ್ತಾರೆ ಅಂದ್ರೆ, ಮಾವನ್ಗೆ ಅವ್ರತ್ರ ಕೇಳಕೆ ಏನೂ ಉಳಿದೇ ಇಲ್ಲ." ಹೊಗಳುತ್ತಿದ್ದಾಳೆ ಪಾಪ.

ಆ ಹುಡುಗಿಯರ ಕಡ್ಡಿ ಲೆಕ್ಕ ನನ್ನ ತಲೆಯಲ್ಲಿ ಕೂತಿತು. ಕೊರತೆ ಇದ್ದರೆ ಕನಸು, ತುಂಬಿದ್ದರೆ ಇಲ್ಲ. ಕೊರತೆ ನನಗಿದೆಯಲ್ಲ, ನನಗೇಕೆ ಬೀಳುವುದಿಲ್ಲ? ಕೆ.ಆರ್. ಪೇಟೆ ಹುಡುಗಿಯನ್ನು, ನಿಮ್ಮ ಲೆಕ್ಕ ತಪ್ಪು ಎಂದು ಗದರಿದೆ. "ಎಲ್ಲಾ ಕೊರತೆಗೂ ಬಿದ್ರೆ ಆಟ ನಡಿಯಲ್ಲ ಅಜ್ಜಿ" ಎಂದಳು ಅವಳು. ಕೊತ್ತಂಬರಿ ಸೊಪ್ಪು ಸೋಸುತ್ತಾ ಕೂತಿದ್ದಾಗ ನನಗೆ ಹೊಳೆಯಿತು. ಬರಬೇಕಾದವನು ಅವನು. ಕಡ್ಡಿ ಸವೆಯಬೇಕಾದದ್ದು ಅವನದು. ನಾನು ಅವನಿಗೆ ಕೊರತೆಯೇ ಉಳಿಸಿಲ್ಲ.

ಪಕ್ಷ ಬಂತು. ಎಲ್ಲ ಮಾಡಿದೆವು. ಅವನ ಫೋಟೋದ ಮುಂದೆ ಬಾಳೆಲೆ ಹಾಕಿ ಮಗ ಬಡಿಸಿದ. ಎಲೆ ಅಡಿಕೆ ತಟ್ಟೆ ಜೋಡಿಸುವುದು ನನ್ನ ಕೆಲಸ. ಎಲೆ ಇಟ್ಟೆ, ಅಡಿಕೆ ಇಟ್ಟೆ, ಸುಣ್ಣ ಇಟ್ಟೆ. ಹೊಗೆಸೊಪ್ಪನ್ನು ಸೊಂಟದ ಚೀಲಕ್ಕೆ ಹಾಕಿಕೊಂಡೆ. ಊಟವಿಲ್ಲದೆ ಇರುತ್ತಿದ್ದ ಮನುಷ್ಯ, ಹೊಗೆಸೊಪ್ಪಿಲ್ಲದೆ ಇದ್ದವನಲ್ಲ.

ಮಗನ ಕಣ್ಣಿಗೆ ಬಿತ್ತು. "ಅವ್ವ, ಅಪ್ಪನ ಒಗೆಸೊಪ್ಪೆಲ್ಲಿ?"

"ಡಾಕ್ಟ್ರು ಬ್ಯಾಡ ಅಂದಿದ್ರು ಕಣ್ಲಾ."

"ಸತ್ತೋರ್ಗೆ ಯಾವ್ ಡಾಕ್ಟ್ರವ್ವ?"

"ಒತ್ತಾಯ್ತದೆ, ಬಾಗ್ಲಾಕು ಸುಮ್ಕೆ."

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರುವುದು ಪದ್ಧತಿ. ಜಗಲಿಯ ಮೇಲೆ ಕೂತೆವು. ಒಳಗೆ ಅವನು ಎಲೆ ಮಡಿಚಿ ತಟ್ಟೆಯಲ್ಲಿ ಕೈಯಾಡಿಸುತ್ತಿದ್ದಾನೆ, ಹುಡುಕುತ್ತಿದ್ದಾನೆ, ಈಗ ಮುಖ ಗಂಟು ಹಾಕಿಕೊಂಡ ಎಂದು ನನಗೆ ಕಂಡ ಹಾಗೇ ಆಗುತ್ತಿತ್ತು. ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡೆ. ಸೊಸೆ ನಾನು ಅಳುತ್ತಿದ್ದೇನೆಂದು ಬೆನ್ನು ಸವರಿದಳು.

ಆಮೇಲೆ ಅವನು ಬರಲಿ ಎಂದು ಕಾದೆ. ನಿದ್ದೆ ಮಾಡುವುದೇ ಕೆಲಸವಾಯಿತು. ಮಧ್ಯಾಹ್ನವೂ ಮಲಗಿದೆ, ಹೊತ್ತು ಮುಳುಗುವ ಮುಂಚೆಯೇ ಹಾಸಿಗೆ ಹಾಸಿದೆ. "ಅತ್ತೆಗೆ ಉಸಾರಿಲ್ವಾ ಏನೋ, ಆಸ್ಪತ್ರೆಗೆ ತೋರ್ಸನಾ" ಎಂದಳು ಸೊಸೆ. ಏನೂ ಬೀಳಲಿಲ್ಲ. ಒಂದು ಸಲ ಸೀಮೆಹಸುವಿನ ಕನಸು ಬಿತ್ತು, ಅದೂ ನಮ್ಮದಲ್ಲದ ಹಸು.

ಒಂದು ದಿನ ಬೆಳಗ್ಗೆ ಮಗ ಟೀ ಲೋಟ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತ. ಕುಡಿಯಲಿಲ್ಲ.

"ಅಪ್ಪ ಬಂದಿದ್ದ ಕಣವ್ವ."

ನಾನು ಅವನ ಕಡೆ ತಿರುಗಿ ಕೂತೆ.

"ಇಲ್ಲೇ ಜಗ್ಲಿ ಮ್ಯಾಲೆ ಕೂತಿದ್ದ. ಸುಣ್ಣ ಅಚ್ಚಿದ ಎಲೆ ಕೈಲಿ ಮಡಿಕಂಡವ್ನೆ, ಬಾಯ್ಗ್ ಆಕಂಡಿಲ್ಲ. 'ನಿಮ್ಮವ್ವನ್ನ ಕೇಳ್ಲಾ, ಒಗೆಸೊಪ್ಪು ಎಲ್ ಮಡಗವ್ಳೆ ಅಂತ' ಅಂದ."

ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. ಬಂದಿದ್ದಾನೆ. ಇದೇ ಜಗಲಿಗೆ ಬಂದಿದ್ದಾನೆ. ಈ ಗೋಡೆಯ ಆಚೆ ಮಲಗಿದ್ದವಳು ನಾನು. ಒಂದು ಗೋಡೆ ದಾಟುವುದಕ್ಕಾಗದೆ ಮಗನ ಕೈಯಲ್ಲಿ ಹೇಳಿ ಕಳಿಸಿದ್ದಾನೆ. ಸತ್ತ ಮೇಲೂ ಅದೇ ಚಾಳಿ.

"ಇವತ್ತೇ ಇಟ್ಬುಡವ್ವ" ಎಂದ ಮಗ.

"ಇಡಲ್ಲ."

"ಯಾಕವ್ವ?"

"ಬೇಕಾದೋನು ನನ್ನ ಕೇಳ್ಲಿ. ನಿನ್ನ ಯಾಕ್ ಮಧ್ಯಕ್ ಎಳ್ದವ್ನೆ?"

"ಸತ್ತೋನ್ ಜೊತೆಲೂ ಜಗ್ಳವಾ ನಿಂದು?"

"ಸತ್ತವ್ನೆ ಅಂತ ಬುಟ್ಬುಡನಾ?"

ಅವನು ಟೀಯನ್ನು ಹಾಗೇ ಇಟ್ಟು ಎದ್ದುಹೋದ. ಆಮೇಲೆ ಮನೆ ಕೆಟ್ಟಿತು. ಹಸು ಹಾಲು ಕಡಿಮೆ ಕೊಟ್ಟಿತು, ಅದಕ್ಕೆ ಅಪ್ಪನ ಕೊರಗು ಎಂದ. ಪಂಪಿನ ಮೋಟಾರು ಸುಟ್ಟಿತು, ಅದಕ್ಕೂ ಅಪ್ಪನೇ. ಸೊಸೆ ನನಗೆ ಕೇಳಿಸುವ ಹಾಗೆ ಪಾತ್ರೆ ಕುಕ್ಕಿದಳು. ಶ್ರೀರಂಗಪಟ್ಟಣದಿಂದ ಮಗಳು ಫೋನು ಮಾಡಿ, "ಅವ್ವ, ಅಪ್ಪನ್ಗ್ಯಾಕೆ ಇಂಗ್ ಮಾಡ್ತಿದ್ದೀಯೆ? ಅದೊಂದ್ ಎಲೆ ಚೂರು, ಇಟ್ರೆ ನಿನ್ ಗಂಟೇನ್ ಓದದು?" ಎಂದು ಅತ್ತಳು. ಅಪ್ಪ ಉಪವಾಸ ಬಿದ್ದವನ ಹಾಗೆ ಮಾತಾಡುತ್ತಾಳೆ. ನಾನು ಯಾರಿಗೂ ಏನೂ ಹೇಳಲಿಲ್ಲ. ಇಟ್ಟರೆ ತೃಪ್ತಿಯಾಗಿ ಹೊರಟುಹೋಗುತ್ತಾನೆ. ಮತ್ತೆ ಬರಬೇಕಾದರೆ ಇನ್ನೊಂದು ಪಕ್ಷ ಕಾಯಬೇಕು. ಅಷ್ಟು ಹೊತ್ತಿಗೆ ನಾನಿರಬೇಕಲ್ಲ.

ಕೊನೆಗೆ ಕೇಳಿದವಳು ಮೊಮ್ಮಗಳು. ಮಹಡಿ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, "ತಾತ ಬಂದ್ರೆ ಏನ್ ಮಾತಾಡ್ಬೇಕು ಅಜ್ಜಿ ನಿಂಗೆ?" ಎಂದಳು.

"ಮಾತಾಡದೇನಿಲ್ಲ. ಕೂಗ್ಲಿ ಸಾಕು."

"ಏನಂತ?"

ಆಗ ಹೇಳಿದೆ. ನಿದ್ದೆಯ ಮಾತು, ಹೆಸರು, ಎಲ್ಲ. ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಅವಳು ಉಗುರು ಕಚ್ಚುತ್ತಾ ಕೇಳಿದಳು. ಆಮೇಲೆ ಅವಳ ಮುಖ ಅರಳಿತು. ಅಪ್ಪನ ದನಿ ತಾತನ ದನಿಯ ಹಾಗೇ ಇದೆಯಲ್ಲ, ರೆಕಾರ್ಡ್ ಮಾಡಿ ಆಟದ ಕನಸಿಗೆ ಹಾಕುತ್ತೇನೆ ಎಂದಳು. ನಾನು ಬೇಡ ಎನ್ನುವುದರೊಳಗೆ ಅವನನ್ನು ಕೂಗಿದಳು.

ನನ್ನ ಮಗ ಗೊಬ್ಬರ ಬಳಿದ ಕೈ ತೊಳೆದುಕೊಂಡು ಹತ್ತಿ ಬಂದ. ಮೊಮ್ಮಗಳು ಮೈಕನ್ನು ಅವನ ಬಾಯಿಗೆ ಹಿಡಿದಳು.

"ಏನನ್ಬೇಕು?"

"ಅಜ್ಜಿ ಹೆಸರಿಡ್ದು ಕೂಗಪ್ಪ. ತಾತ ಕೂಗಿದಂಗೆ."

"ಅವ್ವನ ಎಸ್ರಿಡ್ದು ಕೂಗನಾ? ನಾಲ್ಗೆ ಬಿದ್ದೋಯ್ತದೆ ಕಣಮ್ಮಿ."

"ಸುಮ್ನೆ ಕೂಗು. ಬ್ಯಾಂಕಲ್ಲಿ ಹೇಳಲ್ವಾ?"

"ಬ್ಯಾಂಕೇ ಬ್ಯಾರೆ, ಕೂಗದೇ ಬ್ಯಾರೆ."

ಗಂಟಲು ಸರಿಮಾಡಿಕೊಂಡ. ಕಿಟಕಿ ಕಡೆ ತಿರುಗಿದ. ಉಸಿರು ಎಳೆದು ಬಾಯಿ ತೆರೆದವನು, "ಅವ್ವಾ" ಎಂದ. ಇನ್ನೊಂದು ಸಲ ಎಂದಳು ಮೊಮ್ಮಗಳು. ಮತ್ತೆ, "ಅವ್ವಾ." ಐವತ್ತು ದಾಟಿದ ಗಂಡಸಿನ ಕಿವಿ ಕೆಂಪಾಯಿತು. "ಆಗಲ್ಲ ಕಣಮ್ಮಿ" ಎಂದ. ನನಗೆ ಒಳಗೊಳಗೇ ಹಗುರವಾಯಿತು. ಅವನ ಬಾಯಲ್ಲಿ ಆ ಹೆಸರು ಬಂದಿದ್ದರೆ ಸಿನಿಮಾದಲ್ಲಿ ಬೇರೆಯವರ ಮನೆ ನೋಡಿದ ಹಾಗಾಗುತ್ತಿತ್ತು.

ಇದೆಲ್ಲ ಯಾಕೆ ಎಂದು ಮಗಳನ್ನು ಕೇಳಿದನೋ, ಅವಳು ಹೇಳಿದಳೋ, ನನಗೆ ಗೊತ್ತಿಲ್ಲ. ಅವತ್ತು ಊಟಕ್ಕೆ ಕೂತಾಗ, "ಒಗೆಸೊಪ್ಪು ನಿನ್ನಿಷ್ಟ ಕಣವ್ವ" ಎಂದು ಮುದ್ದೆ ಮುರಿದ. ಆಮೇಲೆ ಆ ಮಾತು ಎತ್ತಲಿಲ್ಲ.

ಹುಡುಗಿಯರು ಆಟದ ಕನಸನ್ನು ಬೇರೆ ಥರ ಮಾಡಿದರು. ಸತ್ತವರು ಕನಸಿನಲ್ಲಿ ಹೆಸರು ಹಿಡಿದು ಕೂಗಿದರೆ ಓ ಎನ್ನಬಾರದು, ಎಂದರೆ ಅವರ ಜೊತೆ ಹೊರಡಬೇಕಾಗುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ನಾನು ಅದನ್ನು ಹೇಳಿದ್ದೇ ತಪ್ಪಾಯಿತು. ಕೆ.ಆರ್. ಪೇಟೆ ಹುಡುಗಿ, ಓ ಎಂದರೆ ಆಟ ಮುಗಿಯಬೇಕು, ಹೆಂಗಸು ಸಾಯಬೇಕು ಎಂದು ಹಟ ಹಿಡಿದಳು. ಮೊಮ್ಮಗಳು ಒಪ್ಪಲಿಲ್ಲ. ಮಧ್ಯಾಹ್ನವೆಲ್ಲ ಜಗಳ. ಕೊನೆಗೆ ನನ್ನನ್ನು ಕೇಳಿದರು.

"ಓ ಅಂದ್ರೆ ಎಚ್ರಾಗ್ಲಿ" ಎಂದೆ. "ಸಾಯದ್ ಬ್ಯಾಡ. ಬೆಳಗ್ಗೆ ಎದ್ದು ಸೌದೆ ತರ್ಬೇಕಲ್ಲ ಅವ್ಳು."

ಮುಗಿದ ಮೇಲೆ ನನ್ನನ್ನೇ ಕೂರಿಸಿದರು. ನನ್ನ ಹೆಸರಿನ ಆ ಹೆಂಗಸು ದಿನವೆಲ್ಲ ಅಲೆದು ಅರೆಹೊಟ್ಟೆಯಲ್ಲಿ ಮಲಗಿದಳು. ಪರದೆ ಕಪ್ಪಾಯಿತು. ಕೋಳಿ ಕೂಗಿತು. ಏನೂ ಬೀಳಲಿಲ್ಲ. ಇನ್ನೊಂದು ದಿನ ಆಡಿದೆ, ಆಗಲೂ ಇಲ್ಲ. "ಇದು ಸರಿ" ಎಂದೆ. ಅವರಿಬ್ಬರೂ ಮುಖ ಮುಖ ನೋಡಿಕೊಂಡರು. ಮತ್ತೆ ಮಲಗಿಸಿದಾಗ ಕಪ್ಪು ನಿಧಾನಕ್ಕೆ ಸಂಜೆಯಾಯಿತು. ಒಂದು ಜಗಲಿ. ಅದರ ಮೇಲೆ ಬೆನ್ನು ತಿರುಗಿಸಿ ಕೂತ ಗಂಡಸು. ಹೆಗಲ ಮೇಲೆ ಟವೆಲ್ಲು. ಮುಖವಿಲ್ಲ, ಸದ್ದಿಲ್ಲ. ಮೇಲಿನಿಂದ ಅಕ್ಷರಗಳು ಬೀಳತೊಡಗಿದವು, ಒಂದಾದ ಮೇಲೊಂದು. ನಾನು ಕೂಡಿಸಿ ಓದುವುದು ತಡ. ಕೊನೆಯ ಅಕ್ಷರ ಬಿದ್ದ ಮೇಲೆ ಗೊತ್ತಾಯಿತು, ನನ್ನ ಹೆಸರು.

ಯಾವುದಾದರೂ ಕೀಲಿ ಒತ್ತಿದರೆ ಅದೇ ಓ ಎಂದ ಹಾಗೆ. ನನ್ನ ಬೆರಳು ಕೀಲಿಯ ಮೇಲೇ ಇತ್ತು. ಒತ್ತಲಿಲ್ಲ. ಆ ಗಂಡಸು ತಿರುಗುತ್ತಾನೇನೋ ಎಂದು ನೋಡಿದೆ. ತಿರುಗುವುದಿಲ್ಲ, ಅದನ್ನು ಇವರು ಬರೆದಿಲ್ಲ. ಬೆರಳು ನೋಯುವವರೆಗೆ ಹಾಗೇ ಕೂತಿದ್ದು ಆಮೇಲೆ ಒತ್ತಿದೆ. ಬೆಳಗಾಯಿತು.

"ಹೆಂಗಿದೆ ಅಜ್ಜಿ?"

"ಚೆನ್ನಾಗದೆ. ನಿಮ್ ತಾತ ಇಷ್ಟೊತ್ತು ಸುಮ್ಕೆ ಕೂರ್ತಿರ್ಲಿಲ್ಲ, ಅಷ್ಟೇಯ."

ಆಡಿ ನೋಡಿದವರಿಗೂ ಅದು ಹಿಡಿಸಿದೆಯಂತೆ. ಎಲ್ಲಿಯದೋ ಊರಿನ ಹುಡುಗನೊಬ್ಬ, ಎಚ್ಚರವಾದೀತು ಎಂದು ಕೀಲಿ ಮುಟ್ಟದೆ ಕೂತಿದ್ದೆ, ಅನ್ನ ಸೀದುಹೋಯಿತು ಎಂದು ಬರೆದಿದ್ದನಂತೆ. ಒಳ್ಳೆಯದು. ಅವರ ಕೆಲಸ ಗೆದ್ದಿತು. ನನ್ನದು ಗೆಲ್ಲಲಿಲ್ಲ. ಅಕ್ಷರಕ್ಕೆ ದನಿಯಿಲ್ಲ. ಆದರೆ ಆ ಬೆನ್ನು ನೋಡಿದ ಮೇಲೆ ಒಂದು ಯೋಚನೆ ಬಂತು. ಕೈಯಲ್ಲಿ ಸುಣ್ಣ ಹಚ್ಚಿದ ಎಲೆ ಹಿಡಿದು ಬಾಯಿಗೆ ಹಾಕದೆ ಎಷ್ಟು ದಿನ ಕೂರುತ್ತಾನೆ ಅವನು? ಎಲೆ ಬಾಡಿರಬೇಕು. ಅವನನ್ನು ಹಾಗೆ ಕೂರಿಸಿರುವವಳು ನಾನು. ಕೊಟ್ಟುಬಿಟ್ಟರೆ ಹೊರಟುಹೋಗುತ್ತಾನೆ, ಕೊಡದಿದ್ದರೆ ಹೀಗೆ ಕೂತೇ ಇರುತ್ತಾನೆ.

ಮಾರನೆಯ ದಿನ ಎಳೆಬಿಸಿಲಿನಲ್ಲಿ ಒಬ್ಬಳೇ ಹೊಲಕ್ಕೆ ಹೋದೆ. ಅವನನ್ನು ಮಣ್ಣು ಮಾಡಿದ ಗುಡ್ಡೆ ತೆಂಗಿನ ಸಾಲಿನ ಕೊನೆಯಲ್ಲಿದೆ. ಸುತ್ತ ಹುಲ್ಲು ಬೆಳೆದಿತ್ತು, ಕೈಗೆ ಸಿಕ್ಕಷ್ಟು ಕಿತ್ತೆ. ಚೀಲದಿಂದ ಹೊಗೆಸೊಪ್ಪು ತೆಗೆದು ಎರಡು ಮಾಡಿದೆ. ಒಂದು ತುಂಡು ಗುಡ್ಡೆಯ ಮೇಲಿಟ್ಟು ಅದರ ಮೇಲೊಂದು ಕಲ್ಲು ಇಟ್ಟೆ, ಗಾಳಿಗೆ ಹೋಗದಿರಲಿ ಎಂದು.

"ಇದ್ ಅರ್ಧ" ಎಂದೆ. ಪಕ್ಕದ ಹೊಲದವನು ಬದುವಿನ ಮೇಲೆ ಹುಲ್ಲು ಕೊಯ್ಯುವುದು ಬಿಟ್ಟು ನೋಡುತ್ತಿದ್ದ. ನೋಡಿಕೊಳ್ಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. "ಇನ್ನರ್ಧ ನನ್ತಾವ ಅದೆ. ಬೇಕಾದ್ರೆ ಬಂದು ಕೇಳು. ಮಗನ್ ಕೈಲಿ ಏಳಿ ಕಳಿಸ್ಬ್ಯಾಡ, ಮಗಳ್ ತಾವ ಓಗ್ಬ್ಯಾಡ. ನನ್ ಎಸ್ರಿಡ್ದು ಕೂಗಿ ಕೇಳು. ಓ ಅಂತೀನಿ, ಆಗದ್ ಆಗ್ಲಿ."

ಮನೆಗೆ ಬಂದು ಕಾಲು ತೊಳೆದುಕೊಂಡೆ. ನಿಮ್ಮಪ್ಪನಿಗೆ ಇಟ್ಟು ಬಂದೆ ಎಂದೆ. ಮಗ ಎಷ್ಟು ಎಂದು ಕೇಳಲಿಲ್ಲ. ಮಗನ ಕನಸಿಗೆ ನನ್ನ ಗಂಡ ಮತ್ತೆ ಬಂದಿಲ್ಲ, ಅಷ್ಟರಮಟ್ಟಿಗೆ ನನ್ನ ಮಾತು ಕೇಳಿದ್ದಾನೆ.

ನನ್ನ ಹತ್ತಿರವೂ ಬಂದಿಲ್ಲ ಇನ್ನೂ. ಮಧ್ಯಾಹ್ನ ಊಟ ಸ್ವಲ್ಪ ಕಡಿಮೆ ಮಾಡಿ ಮಲಗುತ್ತೇನೆ. ಚೀಲದಲ್ಲಿರುವ ಅರ್ಧ ಒಣಗಿ ಪುಡಿಯಾಗುತ್ತಿದೆ. ಘಾಟು ಹೋದದ್ದನ್ನು ಕೊಟ್ಟರೆ ಮುಖಕ್ಕೆ ಎಸೆಯುವ ಮನುಷ್ಯ ಅವನು. ಮಗ ನಾಗಮಂಗಲಕ್ಕೆ ಹೋದಾಗ ಹೊಸ ಹೊಗೆಸೊಪ್ಪು ತರಲು ಹೇಳಬೇಕು.